ದುಡಿಮೆ ಎಲ್ಲರದ್ದೂ ಇತ್ತು, ಚೀಟಿ ಕೆಲವರದ್ದು

ನಮ್ಮ ಸಾಗರ ಸೀಮೆಯಲ್ಲಿ ಗಂಡು-ಹೆಣ್ಣಿನ ಮಾತುಕತೆ ಶುರುವಾದರೆ ಜಾತಕಕ್ಕಿಂತ ಮೊದಲು ಬರುವ ಪ್ರಶ್ನೆ, "ತೋಟ ಎಷ್ಟಿದೆ?" ಹುಡುಗ ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿದ್ದರೂ ಕೇಳುತ್ತಾರೆ. ಕೇಳುವವರು ತಿಳಿದೇ ಕೇಳುವುದು. ಸಂಬಳ ಅವನ ಕಾಲಕ್ಕೆ ಮುಗಿಯುತ್ತದೆ, ಅಡಿಕೆ ತೋಟ ಮೊಮ್ಮಕ್ಕಳನ್ನೂ ಸಾಕುತ್ತದೆ. ಆದರೆ ಅದೇ ಜಗುಲಿಯಲ್ಲಿ ತೋಟವಿಲ್ಲದವರ ಸುದ್ದಿ ಬಂದರೆ ಅದೇ ಜನ, "ಸರಿಯಾಗಿ ದುಡಿದಿದ್ರೆ ಇಷ್ಟೊತ್ತಿಗೆ ಒಂದೆಕರೆನಾದ್ರೂ ಮಾಡ್ಕತಿದ್ದ ಮಾರಾಯ" ಅನ್ನುತ್ತಾರೆ. ಆಸ್ತಿ ತಲೆಮಾರಿನಿಂದ ಬರುತ್ತದೆ ಅನ್ನುವುದು ನೆಂಟಸ್ತಿಕೆ ಮಾಡುವಾಗ ಗೊತ್ತಿರುತ್ತದೆ, ಬಡವರ ಬಗ್ಗೆ ತೀರ್ಪು ಕೊಡುವಾಗ ಮಾತ್ರ ಮರೆತುಹೋಗುತ್ತದೆ. ಮೊನ್ನೆ ಊರಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಓರಗೆಯವರೊಬ್ಬರು, ಸರಿಯಾಗಿ ದುಡಿಯದಿದ್ದಕ್ಕೇ ಬಡವರಿಗೆ ಆಸ್ತಿಯಿಲ್ಲ ಅಂತ ಬರೆದರು. ಅಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ. ನಮ್ಮದು ದೀವರ ಕುಟುಂಬ. ಅಜ್ಜ ಗೇಣಿದಾರ, ಅಂದರೆ ಬೇರೆಯವರ ಭೂಮಿಯನ್ನು ಗೇಣಿ ಕೊಟ್ಟು ಉಳುತ್ತಿದ್ದವರು. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಭೂಮಿಯ ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಈ ಸೀಮೆಯ ಗೇಣಿಯ ಕಥೆ ಗೊತ್ತಿಲ್ಲದವರು ಕರ್ನಾಟಕದಲ್ಲಿ ಕಡಿಮೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ಮೇಲೆ ಎದ್ದ ತಕರಾರು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರ ರೈತ ಸಂಘ ಹಚ್ಚಿದ ಕಿಡಿಯನ್ನು ಸಮಾಜವಾದಿಗಳು ಕೈಗೆತ್ತಿಕೊಂಡರು, ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಇಲ್ಲಿಂದ ವಿಧಾನಸಭೆಗೆ ಹೋದರು. ಕೊನೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರೆ ಹಕ್ಕು ಅವನದು. ನಮ್ಮ ಹಿರಿಯರ ಬಾಯಲ್ಲಿ ಅದು 'ಡಿಕ್ಲರೇಷನ್ ಹಾಕೋದು'.

ಅಜ್ಜ ಡಿಕ್ಲರೇಷನ್ ಹಾಕಿದರು. ಹಾಕುವ ಧೈರ್ಯ ಎಲ್ಲಿಂದ ಬಂತು ಅಂತ ನಾನು ಅಪ್ಪನನ್ನು ಕೆದಕಿ ಕೇಳಿದ್ದೇನೆ. ಅಜ್ಜನಿಗೆ ಇಬ್ಬರು ತಮ್ಮಂದಿರಿದ್ದರು, ಕೊಟ್ಟಿಗೆಯಲ್ಲಿ ಸ್ವಂತ ಎತ್ತುಗಳಿದ್ದವು, ಒಡೆಯರ ಹತ್ತಿರ ಕೈಸಾಲ ಇರಲಿಲ್ಲ. ಮನೆಯಲ್ಲಿ ಒಂದು ಮಳೆಗಾಲ ಕಳೆಯುವಷ್ಟು ಅಕ್ಕಿ ಇತ್ತು. ಗೇಣಿ ಕೊಟ್ಟ ಚೀಟಿಗಳನ್ನು ಅಜ್ಜ ಜೋಪಾನ ಮಾಡಿದ್ದರು. ಶಾನುಭೋಗರು ಬರೆಯುತ್ತಿದ್ದ ಪಹಣಿಯಲ್ಲಿ, ಸಾಗುವಳಿದಾರರ ಕಲಮಿನಲ್ಲಿ ಅವರ ಹೆಸರೂ ಇತ್ತು. ಪಕ್ಕದ ಕೇರಿಗಳಲ್ಲಿ ಒಡೆಯರಿಗೆ ಸಾಲ ಉಳಿಸಿಕೊಂಡಿದ್ದ ಗೇಣಿದಾರರು ಅರ್ಜಿ ಹಾಕಲೇ ಇಲ್ಲ. ಮಗಳ ಮದುವೆಗೋ ಕಾಯಿಲೆಗೋ ನಾಳೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಲ್ಲ ಎಂಬ ಅಂಜಿಕೆ. ಇನ್ನು ಕೆಲವರು, ಕಾನೂನು ಬರುತ್ತದೆಂಬ ಸುಳಿವು ಸಿಕ್ಕ ಒಡೆಯರು ಮೊದಲೇ ಬರೆಸಿಕೊಂಡಿದ್ದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೂತಿದ್ದರು. ಅರ್ಜಿ ಕೊಡುವ ಗಡುವನ್ನು ಸರ್ಕಾರ 1979ರ ಜೂನ್ 30ರವರೆಗೂ ವಿಸ್ತರಿಸಿತು. ಹೆದರಿದವರಿಗೆ ಅದರಿಂದ ಧೈರ್ಯವೇನೂ ಬರಲಿಲ್ಲ.

ಅದೇ ಗದ್ದೆಯಲ್ಲಿ ಅಜ್ಜನ ಜೊತೆ ನೇಗಿಲು ಹಿಡಿದವರು ಇನ್ನೊಬ್ಬರಿದ್ದರು. ದಲಿತ ಕೇರಿಯವರು. ಹೆಸರು ಬರೆಯುವುದಿಲ್ಲ, ಅವರ ಮನೆಯವರು ಈಗಲೂ ಊರಲ್ಲಿದ್ದಾರೆ. ಉಳುಮೆ, ನೆಟ್ಟಿ, ಕೊಯ್ಲು, ಒಕ್ಕಲು, ಎಲ್ಲದರಲ್ಲೂ ಅವರ ಕೈ ಇತ್ತು. ಕೂಲಿ ಭತ್ತದಲ್ಲಿ. ಆ ಗದ್ದೆಗೆ ಯಾರು ಹೆಚ್ಚು ಬೆವರು ಸುರಿಸಿದರು ಅಂತ ಕೇಳಿದರೆ ನನ್ನ ಅಪ್ಪನೇ ಅವರ ಹೆಸರು ಹೇಳುತ್ತಾರೆ. ಆದರೆ ಕಾನೂನು ಕೇಳಿದ್ದು ಗೇಣಿದಾರನನ್ನು, ಕೂಲಿಯಾಳನ್ನಲ್ಲ. "ಉಳುವವನೇ ಹೊಲದೊಡೆಯ" ಎಂಬ ಘೋಷಣೆಯ ಅರ್ಥ ಕಚೇರಿಯಲ್ಲಿ 'ಗೇಣಿ ಚೀಟಿ ಇದ್ದವನೇ ಹೊಲದೊಡೆಯ' ಎಂದಾಗಿತ್ತು. ಕೃಷಿ ಕೂಲಿಯವರು ವಾಸವಿದ್ದ ಮನೆಯ ಜಾಗ ಅವರದ್ದೇ ಆಗಬೇಕೆಂದು ಅದೇ ಕಾಯ್ದೆಯ 38ನೇ ಕಲಂ ಹೇಳಿತ್ತು. ಅದಕ್ಕೂ ಅರ್ಜಿ ಬೇಕಿತ್ತು. ಅವರಿಗೆ ಅದನ್ನು ಯಾರೂ ಹೇಳಲಿಲ್ಲ. ನಮ್ಮ ಮನೆಯವರೂ ಹೇಳಲಿಲ್ಲ.

ಅರಸರ ಕಾನೂನನ್ನು ನಾನು ಹಗುರ ಮಾಡುತ್ತಿಲ್ಲ. ಅದಿಲ್ಲದಿದ್ದರೆ ನಾನು ಇವತ್ತು ಕೂತು ಇದನ್ನು ಬರೆಯುತ್ತಿರಲಿಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದಂಥ ಗೇಣಿ ಜಿಲ್ಲೆಗಳಲ್ಲಿ ಅದು ಮಾಡಿದ ಬದಲಾವಣೆಯನ್ನು ದೇಶದ ಕೆಲವೇ ರಾಜ್ಯಗಳು ಕಂಡಿವೆ. ಭೂಮಿ ಕಳೆದುಕೊಂಡವರಲ್ಲಿಯೂ ಎಲ್ಲರೂ ದೊಡ್ಡ ಜಮೀನ್ದಾರರಾಗಿರಲಿಲ್ಲ. ಎರಡೆಕರೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರಿದ್ದರು, ದೇವಸ್ಥಾನದ ಉಂಬಳಿ ನೆಚ್ಚಿಕೊಂಡ ಅರ್ಚಕರಿದ್ದರು. ಅವರು ಪಟ್ಟ ಕಷ್ಟ ನಿಜ. ಆದರೆ ಭೂಮಿ ಹೋದ ಎಷ್ಟೋ ಮನೆಗಳ ಮುಂದಿನ ತಲೆಮಾರು ಏನಾಯಿತು ನೋಡಿ: ಮೇಷ್ಟರು, ಬ್ಯಾಂಕಿನವರು, ಎಂಜಿನಿಯರು. ಭೂಮಿಯ ಜೊತೆ ಆ ಮನೆಗಳಲ್ಲಿ ಅಕ್ಷರವೂ ಇತ್ತು, ಅದನ್ನು ಯಾವ ನ್ಯಾಯಮಂಡಳಿಯೂ ವಶಪಡಿಸಿಕೊಳ್ಳಲಾಗದು. ಅಂದರೆ ಆ ಒಂದು ಗದ್ದೆಯ ಸುತ್ತ ಮೂರು ಮನೆಗಳಿದ್ದವು. ಭೂಮಿ ಕಳೆದುಕೊಂಡ ಮನೆ ಓದಿನ ದಾರಿಯಲ್ಲಿ ಪೇಟೆ ಸೇರಿತು. ಭೂಮಿ ಪಡೆದ ನಮ್ಮ ಮನೆ ನಿಂತುಕೊಂಡಿತು. ಮೂರನೆಯ ಮನೆ ಇದ್ದಲ್ಲೇ ಉಳಿಯಿತು. ಮೂರು ಮನೆಗಳಲ್ಲಿ ದುಡಿಮೆ ಕಡಿಮೆಯಾಗಿದ್ದು ಯಾವುದರಲ್ಲಿ?

ಮುಂದೆ ಅಪ್ಪ ಗದ್ದೆಯ ಅರ್ಧ ಭಾಗವನ್ನು ತೋಟ ಮಾಡಿದರು. ಅಡಿಕೆ ಗೊತ್ತಿರುವವರಿಗೆ ಇದರ ತೂಕ ಗೊತ್ತು. ಸಸಿ ನೆಟ್ಟ ಮೇಲೆ ಮೊದಲ ಕೊನೆ, ಅಂದರೆ ಅಡಿಕೆ ಗೊನೆ, ಕಾಣಲು ಐದಾರು ವರ್ಷ. ಕೈತುಂಬ ಫಸಲು ಬರಲು ಇನ್ನಷ್ಟು. ಅಷ್ಟೂ ವರ್ಷ ಮಣ್ಣು ಹಾಕಬೇಕು, ಬಸಿಗಾಲುವೆ ತೆಗೆಯಬೇಕು, ಬಾಳೆ ಹಾಕಿ ನೆರಳು ಮಾಡಬೇಕು, ಆದಾಯ ಮಾತ್ರ ಇಲ್ಲ. ಉಳಿದರ್ಧ ಗದ್ದೆ ಊಟ ಹಾಕಿತು, ಅದಕ್ಕೇ ಅಪ್ಪ ಕಾಯಬಹುದಾಯಿತು. ಬಂದ ಮೇಲೆ ಮರ ಐವತ್ತು ವರ್ಷ ಕೊಡುತ್ತದೆ. ಈಚಿನ ವರ್ಷಗಳಲ್ಲಿ ರಾಶಿ ಎನ್ನುವ ದರ್ಜೆಯ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ರೂಪಾಯಿ ದಾಟಿದ್ದೂ ಇದೆ. ಕಾಯುವುದು ಅಲ್ಲಿಗೂ ಮುಗಿಯುವುದಿಲ್ಲ. ಮ್ಯಾಮ್ಕೋಸ್‌ನಂಥ ಸಹಕಾರ ಸಂಘದ ಸದಸ್ಯರಾದರೆ ಅಡಿಕೆ ಇಟ್ಟು ಮುಂಗಡ ತೆಗೆದುಕೊಂಡು, ದರ ಏರಿದಾಗ ಕೊಡಬಹುದು. ನಮ್ಮ ಸೀಮೆಯಲ್ಲಿ ಶ್ರೀಮಂತಿಕೆ ಅಂದರೆ ಬಹುಪಾಲು ಇದೇ, ಕಾಯುವ ತಾಕತ್ತು. ಅದು ದುಡಿದು ಬರುವುದಿಲ್ಲ, ಅಪ್ಪನಿಂದ ಬರುತ್ತದೆ.

ಅದೇ ಅಡಿಕೆಯಿಂದ ಕೂಲಿ ಮಾಡುವವರಿಗೆ ಏನು ಬರುತ್ತದೆ? ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ದಿನಕ್ಕೆ ಒಳ್ಳೆ ಕೂಲಿಯೇ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಅವನ ಬಂಡವಾಳ ಅವನ ತೋಳು, ತೊಡೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪಾಚಿ ಕಟ್ಟಿದ ಮರದಲ್ಲಿ ಒಮ್ಮೆ ಜಾರಿದರೆ ಒಂದು ಮನೆಯ ಇಪ್ಪತ್ತು ವರ್ಷದ ದುಡಿಮೆ ಆಸ್ಪತ್ರೆಗೆ. ತೋಟದ ಯಜಮಾನನಿಗೆ ಆ ವರ್ಷ ಎಲೆಚುಕ್ಕೆ ರೋಗ ಬಂದು ಫಸಲು ಅರ್ಧವಾದರೂ ಮಣ್ಣು ಅಲ್ಲೇ ಇರುತ್ತದೆ, ಮರುವರ್ಷ ನೋಡೋಣ ಅನ್ನಬಹುದು. ಬಿದ್ದವನ ಸೊಂಟಕ್ಕೆ ಮರುವರ್ಷ ಇಲ್ಲ. ಅವನ ಮಗ ಹತ್ತನೇ ಕ್ಲಾಸಿಗೇ ಓದು ಬಿಟ್ಟು ಮರ ಹತ್ತುತ್ತಾನೆ.

ಶರಾವತಿಯ ಆಚೆ ದಡದವರ ಕಥೆ ಬೇರೆ ರೀತಿಯದು, ಹೇಳಲೇಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾವಿರಾರು ಕುಟುಂಬಗಳ ಗದ್ದೆ, ತೋಟ, ಮನೆ ನೀರಿನಡಿ ಹೋದವು. ಕಾಡು ಕಡಿದು ಬದುಕಿಕೊಳ್ಳಿ ಅಂತ ಅರಣ್ಯ ಭೂಮಿಗೆ ಸಾಗಿಸಿದರು. ಆ ಭೂಮಿಗೆ ಸರಿಯಾದ ಹಕ್ಕುಪತ್ರ ಸಿಗದ ಮನೆಗಳು ಇವತ್ತಿಗೂ ಇವೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಆಸೆ ಹುಟ್ಟಿತ್ತು. ಆದರೆ ಪರಿಶಿಷ್ಟ ಪಂಗಡದವರನ್ನು ಬಿಟ್ಟು ಉಳಿದವರು 2005ರ ಡಿಸೆಂಬರ್‌ಗೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದಕ್ಕೆ ಸಾಕ್ಷ್ಯ ಕೊಡಬೇಕು. 1960ರ ದಶಕದಲ್ಲಿ ಸರ್ಕಾರವೇ ಎತ್ತಿ ತಂದು ಬಿಟ್ಟವರು 1930ರ ಸಾಕ್ಷ್ಯ ಎಲ್ಲಿಂದ ತರಬೇಕು? ಮುಳುಗಿದ ಊರಿನಿಂದಲೇ? ತುಮರಿ, ಕರೂರು ಹೋಬಳಿಯ ಮಕ್ಕಳು ಕಾಲೇಜಿಗೆ, ಹೆಂಗಸರು ಹೆರಿಗೆಗೆ ಲಾಂಚ್ ಕಾಯುತ್ತಾ ಅರವತ್ತು ವರ್ಷ ಕಳೆದರು. ಹಿನ್ನೀರಿಗೆ ಅಡ್ಡ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ. ಅಜ್ಜನನ್ನು ನೀರು ಯಾವ ದಡಕ್ಕೆ ತಳ್ಳಿತು ಅನ್ನುವುದು ಮೊಮ್ಮಗಳು ಡಿಗ್ರಿ ಮಾಡುತ್ತಾಳೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡಿತು.

ಇಂಥವರು ಎರಡೆಕರೆ ಕಾಡು ಸವರಿದರೆ ಒತ್ತುವರಿ, ಅರಣ್ಯ ಇಲಾಖೆಯ ಕೇಸು. ತೋಟವಿದ್ದವರಿಗೆ ತೋಟದ ಗೊಬ್ಬರಕ್ಕೆಂದು ಕಾಡಿನ ಸೊಪ್ಪು ತರುವ ಸೊಪ್ಪಿನಬೆಟ್ಟದ ಹಕ್ಕೇ ಇದೆ, ಬ್ರಿಟಿಷರ ಕಾಲದಿಂದಲೂ. ಇರುವ ತೋಟದ ಅಂಚಿಗೆ ಜೆಸಿಬಿ ತಂದು ಬೇಲಿ ಮುಂದಕ್ಕೆ ಸರಿಸುವವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದಕ್ಕೆ ಸರ್ಕಾರಿ ಭೂಮಿಯ ಅಕ್ರಮ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್‌ಹುಕುಂನಲ್ಲಿ ಫಾರಂ 50, 53, 57 ಅಂತ ಒಂದರ ಹಿಂದೊಂದು ಬಾಗಿಲು ತೆರೆಯುತ್ತಾ ಬಂದಿದೆ. ಕಚೇರಿ ಅಲೆಯಲು ಬಿಡುವು, ಬಾಡಿಗೆ, ಪರಿಚಯ ಇದ್ದವರು ಒಳಗೆ ಹೋಗುತ್ತಾರೆ. ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಹೋದವರ ಮನೆಯಲ್ಲಿ ನಾಲ್ಕು ದಿನ ಒಲೆ ಹೇಗೆ ಉರಿಯುತ್ತದೆ ಅಂತ ಒಳಗಿರುವವರು ಯೋಚಿಸಿರುವುದಿಲ್ಲ.

ಈಗ ಪಹಣಿ ಕೈಗೆ ಬಂದ ಮೇಲೆ ಏನೇನು ಹಿಂಬಾಲಿಸುತ್ತದೆ ನೋಡಿ. ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿ, ಜಮೀನು ಇದ್ದವರಿಗೆ. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆಸಾಲ, 2023ರಿಂದ 5 ಲಕ್ಷದವರೆಗೆ, ಜಮೀನು ಇದ್ದವರಿಗೆ. 2018ರ ಸಾಲಮನ್ನಾ, ಬೆಳೆವಿಮೆ, ಅತಿವೃಷ್ಟಿ ಪರಿಹಾರ, ಎಲ್ಲಾ ಜಮೀನು ಇದ್ದವರಿಗೆ. ನಮ್ಮ ಮನೆಗೂ ಇವೆಲ್ಲ ಬಂದಿವೆ, ಬಂದಿದ್ದು ಉಪಕಾರವೂ ಆಗಿದೆ. ರೈತನಿಗೆ ಕೊಡಬೇಡಿ ಅಂತ ನಾನು ಎಂದೂ ಹೇಳುವುದಿಲ್ಲ. ಆದರೆ ಆ ರೈತನ ತೋಟದಲ್ಲಿ ದುಡಿಯುವ ಹೆಂಗಸಿಗೆ ಐವತ್ತು ಸಾವಿರ ಬೇಕಾದರೆ ಸಿಗುವುದು ಮೈಕ್ರೋಫೈನಾನ್ಸ್. ನೂರಕ್ಕೆ ಇಪ್ಪತ್ತರ ಮೇಲೆ ಬಡ್ಡಿ, ವಾರ ವಾರ ಕಂತು, ಒಬ್ಬಳು ತಪ್ಪಿದರೆ ಗುಂಪಿನ ಉಳಿದವರ ಮೇಲೆ ಭಾರ. ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತು ಅಂದರೆ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಒಂದೇ ಬೇಲಿಯ ಈಚೆ ಬಡ್ಡಿಯಿಲ್ಲದ ದುಡ್ಡು, ಆಚೆ ಬಡ್ಡಿಯಲ್ಲೇ ಮುಳುಗಿಸುವ ದುಡ್ಡು. ಹತ್ತು ವರ್ಷ ಇಬ್ಬರೂ ಸಮಸಮ ದುಡಿದರೂ ಅಂತರ ಎಷ್ಟಾಗುತ್ತದೆಂದು ಲೆಕ್ಕ ಹಾಕಲು ಅರ್ಥಶಾಸ್ತ್ರ ಓದಬೇಕಾಗಿಲ್ಲ.

ಓದಿನ ಮಾತು. ನಾನು ಮತ್ತು ಆ ಮೂರನೆಯ ಮನೆಯ ಮೊಮ್ಮಗ ಒಂದೇ ಶಾಲೆಯಲ್ಲಿ ಕಲಿತವರು. ಲೆಕ್ಕದಲ್ಲಿ ಅವನು ಮುಂದಿದ್ದ, ನಾನು ಅವನ ಪಟ್ಟಿ ನೋಡಿ ಬರೆದುಕೊಂಡಿದ್ದಿದೆ. ಪಿಯುಸಿಗೆ ಇಬ್ಬರೂ ಸಾಗರಕ್ಕೆ ಹೋದೆವು. ಅವನಿಗೆ ಹಾಸ್ಟೆಲ್ ಸಿಕ್ಕಿತು, ಸ್ಕಾಲರ್‌ಶಿಪ್ ಸಿಕ್ಕಿತು, ಆಮೇಲೆ ಡಿಪ್ಲೊಮಾ ಸೀಟೂ ಸಿಕ್ಕಿತು. ಇದನ್ನೇ ಹಿಡಿದು "ಅವರಿಗೆಲ್ಲಾ ಸರ್ಕಾರ ಕೊಡ್ತದಲ್ಲ" ಅನ್ನುವವರಿದ್ದಾರೆ. ಎರಡನೇ ವರ್ಷ ಅವನ ಅಪ್ಪನಿಗೆ ಕ್ಷಯ ಆಯಿತು. ಮನೆಯಲ್ಲಿ ದುಡಿಯುವ ಕೈ ಅಮ್ಮನದೊಂದೇ. ಅವನು ಬಿಟ್ಟುಬಂದ. ಅದೇ ಸುಮಾರಿಗೆ ನಮ್ಮ ಅಪ್ಪನಿಗೂ ಆಪರೇಷನ್ ಆಯಿತು, ನಾನು ಬಿಟ್ಟು ಬರಲಿಲ್ಲ. ಆ ವರ್ಷದ ಅಡಿಕೆ ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಟ್ಟು ಮುಂಗಡ ತಂದರು, ನನ್ನ ಫೀಸಿಗೆ ತಡವಾಗಲಿಲ್ಲ. ಮುಂದೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ 7.5 ಲಕ್ಷ ದಾಟಿದಾಗ ಆಸ್ತಿ ಅಡವು ಕೇಳಿದರು, ಪಹಣಿ ಕೊಟ್ಟೆವು. ನನ್ನ ಇವತ್ತಿನ ಸಂಬಳದ ಹಿಂದೆ ಆ ಪಹಣಿ ಇದೆ, ಅದರ ಹಿಂದೆ ಫಾರಂ 7, ಅದರ ಹಿಂದೆ ಗೇಣಿ ಚೀಟಿ. ನಾನು ಓದಲಿಲ್ಲ, ಶ್ರಮ ಪಡಲಿಲ್ಲ ಅಂತಲ್ಲ. ಓದಿದೆ. ಆದರೆ ನನ್ನ ಓದನ್ನು ಒಂದು ಕಾಯಿಲೆ ನಿಲ್ಲಿಸಲಾಗಲಿಲ್ಲ, ಅವನದನ್ನು ನಿಲ್ಲಿಸಿತು.

ಇಷ್ಟು ಹೊತ್ತು ಮನೆ ಮನೆಯ ನಡುವಿನ ಅಂತರ ಹೇಳಿದೆ. ಒಂದೇ ಮನೆಯೊಳಗಿನ ಅಂತರ ಇನ್ನೂ ಹಳೆಯದು. ಅಜ್ಜ ಗೇಣಿದಾರನಿಂದ ಯಜಮಾನನಾದ, ಮೊಮ್ಮಗ ಓದಿ ಕೆಲಸ ಹಿಡಿದ, ಹೆಣ್ಣುಮಕ್ಕಳು? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತ್ತು, ಆಗ ಅದು ಮದುವೆಯಾಗದವರಿಗೆ ಮಾತ್ರ. 2005ರಲ್ಲಿ ಕೇಂದ್ರದ ಕಾನೂನು ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕಿಲ್ಲ ಅಂತಲೂ ಹೇಳಿತು. ಇಷ್ಟಾದರೂ ದೇಶದ ಕೃಷಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು, 2015-16ರ ಕೃಷಿ ಗಣತಿಯ ಪ್ರಕಾರ, ನೂರರಲ್ಲಿ ಸುಮಾರು ಹದಿನಾಲ್ಕು.

ಕಾನೂನು ಕಾಗದದಲ್ಲಿ ಕೊಟ್ಟಿದ್ದನ್ನು ನಾವು ಇನ್ನೊಂದು ಕಾಗದದಲ್ಲಿ ವಾಪಸ್ ತೆಗೆದುಕೊಳ್ಳುತ್ತೇವೆ. ಅದರ ಹೆಸರು ಹಕ್ಕು ಬಿಡುಗಡೆ ಪತ್ರ. ನೆಂಟರ ಮನೆಯ ಹಿಸೆ (ಆಸ್ತಿ ಪಾಲು) ಪತ್ರಕ್ಕೆ ಸಾಕ್ಷಿ ಹಾಕಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಆ ಮನೆಯ ಅಕ್ಕ ಹೊಸನಗರದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಮದುವೆಗೆ ಮೊದಲು ಹದಿನೈದು ಸುಗ್ಗಿ ಅದೇ ಮನೆಯಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿದವಳು, ಕೊಟ್ಟ ಮನೆಯಲ್ಲೂ ಅದೇ ಕೆಲಸ. ಹೆಬ್ಬೆರಳು ಇಟ್ಟರೆ ಯಂತ್ರ ತೆಗೆದುಕೊಳ್ಳಲಿಲ್ಲ. ಗೆರೆ ಸವೆದುಹೋಗಿತ್ತು. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. "ತೊಳ್ಕೊಂಡು ಬನ್ನಿ ಅಮ್ಮ" ಅಂದರು. ತೊಳೆದು ಬಂದಳು. ಕೊನೆಗೆ ಬೇರೆ ಬೆರಳು ಹಿಡಿಯಿತು. ಅಲ್ಲಿಗೆ ಅವಳ ಪಾಲು ಮುಗಿಯಿತು. ಹೊರಗೆ ಬಂದ ಮೇಲೆ ನಾನು, "ಯಾಕಕ್ಕಾ ಬಿಟ್ಟುಕೊಟ್ಟೆ?" ಅಂದೆ. "ನಾಳೆ ತವರಿಗೆ ಅಂತ ಬರಬೇಕಲ ಮಾರಾಯ" ಅಂದಳು. ತವರಿಗೆ ಬರಲು ಬಾಡಿಗೆ ಕಟ್ಟಿದ ಹಾಗೆ ಹೆಣ್ಣುಮಕ್ಕಳು ತಮ್ಮ ಪಾಲು ಬಿಟ್ಟುಕೊಡುತ್ತಿದ್ದಾರೆ. ಅವಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು ಅನ್ನುವುದು ಆ ದಿನ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ, ಎಷ್ಟೇ ಆದಾಯ ಇರುವವರೂ ಜಮೀನು ಕೊಳ್ಳಬಹುದು ಅಂತ ಮಾಡಿದರು. ರೈತನಿಗೆ ಒಳ್ಳೆ ಬೆಲೆ ಸಿಗುತ್ತದೆ ಅಂದರು. ಸಿಗುತ್ತಿರಬಹುದು. ಆದರೆ ಕೂಲಿಯಲ್ಲಿ ಉಳಿಸಿ ಅರ್ಧ ಎಕರೆ ಕೊಳ್ಳಬೇಕೆಂದಿದ್ದವರು ಈಗ ಬೆಂಗಳೂರಿನ ದುಡ್ಡಿನ ಜೊತೆ ಸ್ಪರ್ಧೆ ಮಾಡಬೇಕು. ಭೂರಹಿತ ದಲಿತ ಮಹಿಳೆಯರಿಗೆ ಜಮೀನು ಕೊಡಿಸುವ ಭೂ ಒಡೆತನ ಯೋಜನೆ ಇದೆ, ಒಳ್ಳೆಯ ಯೋಜನೆ. ಆದರೆ ಮಾರುವ ಬೆಲೆ ಏರಿದಷ್ಟೂ ಆ ಯೋಜನೆಯ ದುಡ್ಡಿಗೆ ಜಮೀನು ಸಿಗುವುದಿಲ್ಲ. ಸರ್ಕಾರದಿಂದ ಮಂಜೂರಾದ ಜಮೀನನ್ನು ಕಷ್ಟಕ್ಕೆ ಮಾರಿಕೊಂಡ ದಲಿತರಿಗೆ ಅದನ್ನು ವಾಪಸ್ ಕೊಡಿಸುವ 1978ರ ಪಿಟಿಸಿಎಲ್ ಕಾಯ್ದೆಯೂ ಇದೆ. ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂದಿತು. ಇದನ್ನು ನಮ್ಮ ಕಡೆ ಗೊಣಗುತ್ತಾ ಹೇಳುವವರೇ ಹೆಚ್ಚು. ಅಜ್ಜನ ಚೀಟಿಯಿಂದ ಮೂರು ತಲೆಮಾರು ಉಂಡ ನಾವು, ಇನ್ನೊಬ್ಬರ ಅಜ್ಜನ ಮಂಜೂರಿ ಪತ್ರಕ್ಕೆ ಅವಧಿ ಮುಗಿದಿದೆ ಅನ್ನುವುದು ಯಾವ ನ್ಯಾಯ?

ನಮ್ಮ ಮನೆಯಲ್ಲೂ ಈಗ ಹಿಸೆಯ ಮಾತು ಎದ್ದಿದೆ. ಖಾತೆ ಅಪ್ಪ, ಚಿಕ್ಕಪ್ಪನ ಹೆಸರಿನಲ್ಲಿ ಜಂಟಿಯಾಗಿದೆ. ವಂಶವೃಕ್ಷದಲ್ಲಿ ಇಬ್ಬರು ಅತ್ತೆಯರ ಹೆಸರೂ ಇದೆ, ಕೊಡುವ ಹೊತ್ತಿಗೆ ಮಾತ್ರ "ಅವ್ರಿಗೆ ಮದುವೆಲೇ ಕೊಟ್ಟಾಗಿದ್ಯಲ್ಲ" ಎಂಬ ಮಾತು ಬರುತ್ತದೆ. ನಾನು ಅಪ್ಪನ ಹತ್ತಿರ ಎರಡು ವಿಷಯ ಕೇಳಿದ್ದೇನೆ. ಅತ್ತೆಯರ ಪಾಲು ಪತ್ರದಲ್ಲಿ ಬರಬೇಕು, ಅಪ್ಪನ ಪಾಲಿನಲ್ಲಿ ನನ್ನಷ್ಟೇ ತಂಗಿಗೂ ಬರಬೇಕು, ಬಿಡುಗಡೆ ಪತ್ರಕ್ಕೆ ಯಾರ ಬೆರಳನ್ನೂ ಒತ್ತಿಸಬಾರದು. ಇನ್ನೊಂದು, ಗದ್ದೆಯ ಮೇಲ್ಗಡೆ ಮೂಲೆಯಲ್ಲಿ ಆ ಮೂರನೆಯ ಮನೆ ಇರುವುದು ನಮ್ಮ ಸರ್ವೆ ನಂಬರಿನಲ್ಲೇ. ಐವತ್ತು ವರ್ಷದ ಹಿಂದೆಯೇ ಅವರದಾಗಬೇಕಿದ್ದ ಜಾಗ ಅದು. ಪೋಡಿಗೆ, ಅಂದರೆ ಸರ್ವೆ ನಂಬರನ್ನು ಅಳೆದು ಬೇರೆ ಬೇರೆ ಮಾಡಿಸಲು, ಅರ್ಜಿ ಹಾಕುವಾಗ ಮನೆ, ಹಿತ್ತಲು ಸೇರಿಸಿ ಅದಕ್ಕೂ ಬೇರೆ ನಕ್ಷೆ ಆಗಿ, ಆ ಮನೆಯ ಹೆಂಗಸಿನ ಹೆಸರಿಗೆ ಪತ್ರ ಆಗಬೇಕು. ಅಪ್ಪ ಒಪ್ಪಿದ್ದಾರೆ. ಚಿಕ್ಕಪ್ಪ ಮೊದಲನೆಯದಕ್ಕೆ ಅರ್ಧ ಮನಸ್ಸಿನಲ್ಲಿದ್ದಾರೆ, ಎರಡನೆಯದಕ್ಕೆ ಇನ್ನೂ ಒಪ್ಪಿಲ್ಲ. ಮಳೆ ಬಿಟ್ಟ ಮೇಲೆ ಸರ್ವೆಯವರು ಬರುತ್ತಾರೆ, ಅಷ್ಟರೊಳಗೆ ಅವರನ್ನು ಒಪ್ಪಿಸಬೇಕು. ಈ ಬರಹವನ್ನು ಅವರೂ ಓದುತ್ತಾರೆ ಅಂತ ಗೊತ್ತಿದ್ದೇ ಬರೆದಿದ್ದೇನೆ.